ಎರಡು ರಾತ್ರಿ ಕ್ಯಾಂಪಿಂಗ್‌ಗೆ ಹೊರಟಿದ್ದೇನೆ. ಪ್ರಕೃತಿಯ ಫೋಟೋ ಚೆನ್ನಾಗಿ ಬರಬೇಕಾದರೆ ಹೊಸ ಲೆನ್ಸ್ ಕೊಳ್ಳಲೇಬೇಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಕಾಡಂಚಿನಲ್ಲಿ, ಕೆರೆಯ ಪಕ್ಕ ಎರಡು ರಾತ್ರಿ ಟೆಂಟ್ ಹಾಕುತ್ತೀರಿ. ಕೈಯಲ್ಲಿರುವುದು ಕ್ಯಾಮೆರಾ ಜೊತೆಗೇ ಬಂದ 18-55 ಎಂಎಂ ಲೆನ್ಸ್ ಒಂದೇ (18ರಲ್ಲಿ ನೋಟ ಅಗಲ, 55ರಲ್ಲಿ ದೂರದ್ದು ಹತ್ತಿರ ಕಾಣುತ್ತದೆ). ಹೋದ ಸಲ ಕಣ್ಣಿಗೆ ಕಂಡದ್ದೇ ಬೇರೆ, ಫೋಟೋದಲ್ಲಿ ಬಂದದ್ದೇ ಬೇರೆ. ಈ ಸಲ ಹಾಗಾಗಬಾರದು ಅಂದರೆ ಹೊಸ ಲೆನ್ಸ್ ಬೇಕಾ ಅಂತ ಕೇಳಿದ್ದೀರಿ.

ಬೇಡ. ಸದ್ಯಕ್ಕೆ ಖಂಡಿತ ಬೇಡ. ಅಲುಗಾಡದ ಒಂದು ಟ್ರೈಪಾಡ್ ಇರಲಿ, ಇಲ್ಲದಿದ್ದರೆ ಯಾರ ಹತ್ತಿರವಾದರೂ ಎರಡು ದಿನಕ್ಕೆ ಕೇಳಿ ಇಸ್ಕೊಳ್ಳಿ. ಒಳ್ಳೆಯ ಫೋಟೋಗೆ ಬೇಕಾದ ದೊಡ್ಡ ಸಂಗತಿ ಕ್ಯಾಂಪಿಂಗ್‌ನಲ್ಲಿ ನಿಮಗೆ ಪುಕ್ಕಟೆ ಸಿಗುತ್ತದೆ. ಬೆಳಕು ಚೆನ್ನಾಗಿರುವ ಹೊತ್ತಿಗೆ ನೀವು ಆ ಜಾಗದಲ್ಲೇ ಇರುತ್ತೀರಿ! ಅದೇ ಕೆರೆ ನೋಡಲು ಬೇರೆಯವರು ಹತ್ತು ಗಂಟೆಗೆ ಬಂದು ನಾಲ್ಕು ಗಂಟೆಗೆ ಹೋಗುತ್ತಾರೆ. ನೀವು ಅಲ್ಲೇ ಮಲಗಿ ಅಲ್ಲೇ ಏಳುತ್ತೀರಿ. ಟೆಂಟಿನಿಂದ ಫೋಟೋ ತೆಗೆಯುವ ಜಾಗಕ್ಕೆ ಮೂವತ್ತು ಹೆಜ್ಜೆ, ಅಷ್ಟೇ.

ಇದು ನನಗೆ ಗೊತ್ತಾಗಿದ್ದು ತಡವಾಗಿ. ಮೊದಲ ಸಲ ಹೋದಾಗ ಮೂರು ಲೆನ್ಸ್ ಹೊತ್ತುಕೊಂಡು ಹೋಗಿದ್ದೆ. ಹಿಂದಿನ ದಿನದ ನಡಿಗೆಗೆ ಮೈಕೈ ನೋವು, ಬೆಳಿಗ್ಗೆ ಎಂಟರವರೆಗೂ ಮಲಗಿಬಿಟ್ಟೆ. ಆಮೇಲೆ ಸಂಜೆವರೆಗೂ ಬಿಸಿಲಲ್ಲಿ ಸುತ್ತಾಡಿ ಆರುನೂರು ಫೋಟೋ ತೆಗೆದೆ. ಅದರಲ್ಲಿ ಇವತ್ತು ಒಂದೂ ಉಳಿದಿಲ್ಲ. ನಮ್ಮ ಜೊತೆ ಬಂದಿದ್ದ ಗೆಳೆಯನೊಬ್ಬ ನಸುಕಿನಲ್ಲಿ ಬಾಯಾರಿಕೆಯಾಗಿ ಎದ್ದಿದ್ದ. ನೀರಿನ ಮೇಲೆ ಮಂಜು ಏಳುತ್ತಿದ್ದದ್ದು ಕಂಡು ಮೊಬೈಲಿನಲ್ಲಿ ಒಂದು ಫೋಟೋ ತೆಗೆದು ಮತ್ತೆ ಮಲಗಿದ. ಆ ಪ್ರವಾಸದ ಫೋಟೋ ಅಂತ ನಮ್ಮೆಲ್ಲರ ಹತ್ತಿರ ಈಗ ಇರುವುದು ಅದೊಂದೇ.

ಕಣ್ಣಿಗೂ ಫೋಟೋಗೂ ಯಾಕೆ ಅಷ್ಟು ವ್ಯತ್ಯಾಸ ಅಂತ ಮೊದಲು ಹೇಳುತ್ತೇನೆ. ನಾವು ಒಂದು ನೋಟವನ್ನು ಒಂದೇ ಸಲಕ್ಕೆ ನೋಡುವುದಿಲ್ಲ. ಕಣ್ಣು ಆಕಾಶಕ್ಕೆ ಹೋದಾಗ ಅದಕ್ಕೆ ಹೊಂದಿಕೊಳ್ಳುತ್ತದೆ, ಮರದ ನೆರಳಿಗೆ ಬಂದಾಗ ಇದಕ್ಕೆ ಹೊಂದಿಕೊಳ್ಳುತ್ತದೆ. ಮಿದುಳು ಎಲ್ಲವನ್ನೂ ಜೋಡಿಸಿ ಕೊಡುತ್ತದೆ. ಕ್ಯಾಮೆರಾಗೆ ಒಂದೇ ಅವಕಾಶ. ನಡು ಮಧ್ಯಾಹ್ನ ಆಕಾಶ ಸರಿಯಾಗಿ ಬರಲಿ ಅಂದರೆ ನೆರಳು ಕಪ್ಪಾಗುತ್ತದೆ, ನೆರಳು ಕಾಣಲಿ ಅಂದರೆ ಆಕಾಶ ಬೆಳ್ಳಗೆ ಸುಟ್ಟುಹೋಗುತ್ತದೆ. ಇನ್ನೊಂದು, ಕಣ್ಣು ತನಗೆ ಇಷ್ಟವಾದದ್ದನ್ನು ಮಾತ್ರ ಆರಿಸಿಕೊಳ್ಳುತ್ತದೆ. ಕ್ಯಾಮೆರಾ ಅಡ್ಡ ಬಂದ ಒಣ ಕೊಂಬೆ, ಮೂಲೆಯಲ್ಲಿರುವ ಪ್ಲಾಸ್ಟಿಕ್ ಬಾಟಲಿ ಎಲ್ಲವನ್ನೂ ಒಂದೇ ಸಮನೆ ತುಂಬಿಕೊಳ್ಳುತ್ತದೆ.

ಸೂರ್ಯ ಕೆಳಗಿದ್ದಾಗ ಮೊದಲನೇ ತೊಂದರೆ ತಾನಾಗಿ ಕಡಿಮೆಯಾಗುತ್ತದೆ. ಆ ಹೊತ್ತಿನಲ್ಲಿ ಬೆಳಕು ಓರೆಯಾಗಿ, ತುಂಬಾ ದಪ್ಪದ ಗಾಳಿಯ ಪದರ ದಾಟಿ ಬರುತ್ತದೆ. ನೀಲಿ ದಾರಿಯಲ್ಲೇ ಚದುರಿಹೋಗಿ ಹಳದಿ, ಕೆಂಪು ಉಳಿಯುತ್ತದೆ. ಬಿಸಿಲಿನ ಚುರುಕೂ ಇಳಿಯುತ್ತದೆ. ನೆರಳು ಉದ್ದವಾಗುವುದರಿಂದ ಹುಲ್ಲಿನ ಎಸಳು, ಬಂಡೆಯ ಒರಟು, ನೀರಿನ ಸಣ್ಣ ಅಲೆ ಎಲ್ಲ ಎದ್ದು ಕಾಣುತ್ತವೆ. ಸೂರ್ಯ ಹುಟ್ಟುವ ಮುಂಚಿನ ನೀಲಿ ಹೊತ್ತು ಇನ್ನೂ ಚೆಂದ. ಸೂರ್ಯ ದಿಗಂತಕ್ಕಿಂತ ಸುಮಾರು 6 ಡಿಗ್ರಿ ಕೆಳಗಿರುವಾಗ ಶುರುವಾಗಿ ಹುಟ್ಟುವವರೆಗೆ ಬೆಳಕು ನಿಮಿಷ ನಿಮಿಷಕ್ಕೂ ಬದಲಾಗುತ್ತದೆ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುವುದರಿಂದ ಭೂಮಧ್ಯ ರೇಖೆಯ ಹತ್ತಿರ ಇದೆಲ್ಲ ಇಪ್ಪತ್ತು ಇಪ್ಪತ್ತೈದು ನಿಮಿಷದಲ್ಲಿ ಮುಗಿಯುತ್ತದೆ. ಧ್ರುವದ ಕಡೆ ಹೋದಷ್ಟೂ ಸೂರ್ಯ ಓರೆಯಾಗಿ ಏರುವುದರಿಂದ ಜಾಸ್ತಿ ಹೊತ್ತು ಸಿಗುತ್ತದೆ. ಯಾವ ಊರಾದರೂ ಸರಿ, ಸೂರ್ಯೋದಯಕ್ಕೆ ಮುಕ್ಕಾಲು ಗಂಟೆ ಮುಂಚೆ ಅಲಾರಂ ಇಡಿ.

ಆದರೆ ಕತ್ತಲಲ್ಲಿ ಎದ್ದು ಜಾಗ ಹುಡುಕಲು ಹೋಗಬೇಡಿ. ಮೊದಲ ದಿನ ಟೆಂಟ್ ಹಾಕಿದ ಮೇಲೆ ಕ್ಯಾಮೆರಾ ಒಳಗೇ ಬಿಟ್ಟು, ಬರಿಗೈಯಲ್ಲಿ ಕೆರೆಯ ದಂಡೆ ಒಂದು ಸುತ್ತು ಬನ್ನಿ. ಸೂರ್ಯ ಎಲ್ಲಿ ಹುಟ್ಟುತ್ತಾನೆ ಅಂತ ಮೊಬೈಲಿನ ದಿಕ್ಸೂಚಿಯಲ್ಲಿ ನೋಡಿಟ್ಟುಕೊಳ್ಳಿ. ಮನಸ್ಸಿಗೆ ಹಿಡಿಸಿದ ಒಂದೇ ಒಂದು ಜಾಗ ಆರಿಸಿ. ಒಂದು ಅಂದರೆ ಒಂದೇ. ಎರಡು ದಿನದಲ್ಲಿ ಆ ಜಾಗಕ್ಕೆ ನಾಲ್ಕೈದು ಸಲ ಹೋಗಿ. ಸಂಜೆ ಸಪ್ಪೆಯಾಗಿ ಕಂಡ ಬಂಡೆ ಬೆಳಿಗ್ಗೆ ಬೇರೆಯೇ ಆಗಿರುತ್ತದೆ. ಎರಡನೇ ದಿನದ ಫೋಟೋ ಯಾವಾಗಲೂ ಮೊದಲನೇ ದಿನದ್ದಕ್ಕಿಂತ ಚೆನ್ನಾಗಿ ಬರುತ್ತದೆ, ಯಾಕೆಂದರೆ ಅಷ್ಟೊತ್ತಿಗೆ ಆ ಜಾಗ ನಿಮಗೆ ಪರಿಚಯವಾಗಿರುತ್ತದೆ. ಹತ್ತು ಜಾಗಕ್ಕೆ ಓಡಾಡಿದರೆ ಹತ್ತರದ್ದೂ ಮೊದಲನೇ ದಿನದ ಫೋಟೋವೇ ಆಗುತ್ತದೆ.

18 ಎಂಎಂನಲ್ಲಿ ದೂರದ ಗುಡ್ಡ ಇರುವೆಯಷ್ಟಾಗಿ ಬರುತ್ತದೆ. ಬಹುಶಃ ನಿಮ್ಮ ಹಳೆಯ ಫೋಟೋಗಳ ಬೇಜಾರಿಗೆ ಇದೂ ಒಂದು ಕಾರಣ. ಅಗಲದ ತುದಿಯಲ್ಲಿ ತೆಗೆಯುವಾಗ ಹತ್ತಿರ ಏನಾದರೂ ಬೇಕು. ನೀರಿನಿಂದ ಅರ್ಧ ಮೇಲೆದ್ದ ಕಲ್ಲು, ಬಿದ್ದ ಮರದ ಬೇರು, ಒಂದು ಹಿಡಿ ಜೊಂಡು. ಕ್ಯಾಮೆರಾವನ್ನು ಮೊಣಕಾಲೆತ್ತರಕ್ಕೆ ಇಳಿಸಿ ಅದರ ಹತ್ತಿರ ಹೋಗಿ. ಗುಡ್ಡವೇ ಮುಖ್ಯ ಅಂದರೆ 55ಕ್ಕೆ ತಿರುಗಿಸಿ. ಮಂಜಿರುವ ಬೆಳಿಗ್ಗೆ ಒಂದರ ಹಿಂದೆ ಒಂದು ಗುಡ್ಡ ತೆಳುವಾಗುತ್ತಾ ಹೋಗುವುದು ಅಲ್ಲಿ ಚೆನ್ನಾಗಿ ಕಾಣುತ್ತದೆ. ನೀರಲ್ಲಿ ಪ್ರತಿಬಿಂಬ ಬೇಕಿದ್ದರೆ ಅದಕ್ಕೂ ಮುಂಜಾನೆಯೇ ಹೊತ್ತು. ಬಿಸಿಲೇರಿ ನೆಲ ಕಾದರೆ ಗಾಳಿ ಎದ್ದು ನೀರು ಕಲಕುತ್ತದೆ.

ಸೆಟ್ಟಿಂಗ್ ವಿಷಯ ಬೇಗ ಹೇಳಿಬಿಡುತ್ತೇನೆ. ರಾ ಫೈಲ್‌ನಲ್ಲಿ, ಅಂದರೆ ಕ್ಯಾಮೆರಾ ಹಿಡಿದದ್ದನ್ನು ಕುಗ್ಗಿಸದೆ ಇಡುವ ರೂಪದಲ್ಲಿ ತೆಗೆಯಿರಿ. ಜೆಪೆಗ್ ಬರೀ 8 ಬಿಟ್, ರಾ 12 ಅಥವಾ 14 ಬಿಟ್, ಆಮೇಲೆ ಕಂಪ್ಯೂಟರಿನಲ್ಲಿ ಕಪ್ಪಾದ ನೆರಳನ್ನು ಬೆಳಗಿಸುವಾಗ ಆ ವ್ಯತ್ಯಾಸ ಗೊತ್ತಾಗುತ್ತದೆ. ದೂರದ ನೋಟಕ್ಕೆ ಎಫ್ 8 ಅಥವಾ 11 ಸಾಕು (ಎಫ್ ಅಂದರೆ ಲೆನ್ಸಿನ ಕಿಂಡಿಯ ಅಳತೆ, ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಸಣ್ಣದು). 16 ದಾಟಿದರೆ ಎಲ್ಲ ಸ್ವಲ್ಪ ಮಸುಕಾಗಲು ಶುರುವಾಗುತ್ತದೆ. ಟ್ರೈಪಾಡ್ ಮೇಲಿದ್ದರೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಅಳತೆ) 100, ಎರಡು ಸೆಕೆಂಡಿನ ಟೈಮರ್ ಹಾಕಿ, ಲೆನ್ಸಿನ ಸ್ಟೆಬಿಲೈಸೇಶನ್ (ಕೈ ನಡುಕ ಸರಿದೂಗಿಸುವ ವ್ಯವಸ್ಥೆ) ಆಫ್ ಮಾಡಿ. ಕ್ಯಾಮೆರಾದೊಳಗಿನ ಬೆಳಕು ಅಳೆಯುವ ಮೀಟರ್ ಎಲ್ಲವನ್ನೂ ನಡು ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಅದಕ್ಕೇ ಬೆಳ್ಳನೆ ಮಂಜು ಕೊಳೆಯಾದ ಹಾಗೆ ಬರುತ್ತದೆ, ಅಲ್ವಾ? ಮಂಜಿದ್ದಾಗ ಎಕ್ಸ್‌ಪೋಷರ್ ಕಾಂಪೆನ್ಸೇಶನ್ (ಫೋಟೋದ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್) ಪ್ಲಸ್ 1ರ ಆಸುಪಾಸು ಇಡಿ. ಚೌಕಟ್ಟಿನ ತುಂಬ ಕಪ್ಪು ಕಾಡಿದ್ದರೆ ಮೈನಸ್ ಕಡೆ ಹೋಗಿ. ಸ್ಕ್ರೀನಿನ ಹೊಳಪನ್ನು ನಂಬಬೇಡಿ. ಕತ್ತಲಲ್ಲಿ ಅದು ಯಾವಾಗಲೂ ಜಾಸ್ತಿ ಬೆಳಕಾಗಿ ಕಾಣುತ್ತದೆ. ಹಿಸ್ಟೋಗ್ರಾಮ್ (ಎಡಕ್ಕೆ ಕಪ್ಪು, ಬಲಕ್ಕೆ ಬಿಳಿ ಎಷ್ಟಿದೆ ಅಂತ ತೋರಿಸುವ ನಕ್ಷೆ) ನೋಡಿ, ಬಲಗಡೆಯ ಗೋಡೆಗೆ ಒತ್ತಿಕೊಂಡಿರದಿದ್ದರೆ ಸಾಕು.

ಸೂರ್ಯ ಹುಟ್ಟಿದ ಮೇಲೆ ಎಲ್ಲರೂ ಕ್ಯಾಮೆರಾ ಚೀಲಕ್ಕೆ ಹಾಕುತ್ತಾರೆ. ನೀವು ಹಾಕಬೇಡಿ. ಆಮೇಲಿನ ಒಂದು ಗಂಟೆ ನೆಲ ನೋಡುವ ಹೊತ್ತು. ನನಗೆ ಇಡೀ ದಿನದಲ್ಲಿ ಜಾಸ್ತಿ ಇಷ್ಟವಾಗುವ ಹೊತ್ತೂ ಅದೇ.

ಒಂದು ಬೆಳಿಗ್ಗೆ ಟೆಂಟಿನ ಜಿಪ್ ಎಳೆದು ಹೊರಗೆ ಕಾಲಿಡುವಾಗ, ಗೂಟಕ್ಕೆ ಕಟ್ಟಿದ ಹಗ್ಗದ ಮೇಲೆ ಒಂದು ಏರೋಪ್ಲೇನ್ ಚಿಟ್ಟೆ ಕೂತಿತ್ತು. ಮೈಯೆಲ್ಲ ಇಬ್ಬನಿ. ರೆಕ್ಕೆಯ ಒಂದೊಂದು ಗೆರೆಗೂ ಸಾಸಿವೆಯಷ್ಟು ಸಣ್ಣ ಹನಿ ಪೋಣಿಸಿದ ಹಾಗೆ ಅಂಟಿತ್ತು. ಕಣ್ಣಿನ ಮೇಲೂ ಹನಿ. ನಾನು ಹೊಟ್ಟೆ ಮೇಲೆ ಮಲಗಿ ಒಂದು ಗೇಣು ದೂರದವರೆಗೆ ಹೋದೆ, ಅದು ಅಲುಗಲಿಲ್ಲ. ಈ ಹುಳುಗಳಿಗೆ ಮೈ ಬೆಚ್ಚಗಾದ ಮೇಲೆ ಮಾತ್ರ ಹಾರಲು ಬರುತ್ತದೆ, ಅಲ್ಲಿಯವರೆಗೆ ಕೂತಲ್ಲೇ ಇರುತ್ತವೆ. ಹಾಗಾಗಿ ಆತುರವಿರಲಿಲ್ಲ. ಮರದ ನೆರಳು ನಿಧಾನಕ್ಕೆ ಸರಿದು, ಬಿಸಿಲು ಹಗ್ಗದ ಆ ತುದಿಯಿಂದ ಈ ತುದಿಗೆ ಬರುವವರೆಗೆ ಕಾದೆ. ಬಿಸಿಲು ಹಿಂದಿನಿಂದ ರೆಕ್ಕೆಗೆ ತಾಕಿದ ಕೂಡಲೇ ಹನಿಗಳೆಲ್ಲ ಒಟ್ಟಿಗೇ ಹೊತ್ತಿಕೊಂಡವು. ಐದಾರು ನಿಮಿಷ ಸಿಕ್ಕಿರಬೇಕು. ಅದು ರೆಕ್ಕೆ ನಡುಗಿಸಲು ಶುರುಮಾಡಿತು, ಹನಿ ಉದುರಿದವು, ಹಾರಿಹೋಯಿತು. ಆ ಫೋಟೋ ತೆಗೆದಿದ್ದು ನಿಮ್ಮ ಹತ್ತಿರ ಇರುವಂಥದ್ದೇ ಲೆನ್ಸಿನಲ್ಲಿ, 55ರ ತುದಿಯಲ್ಲಿ. ಅಂಥ ಲೆನ್ಸ್‌ಗಳಲ್ಲಿ ಜಾಸ್ತಿ ಪಾಲು ಕಾಲು ಮೀಟರಿನಷ್ಟು ಹತ್ತಿರ ಇರುವುದಕ್ಕೂ ಫೋಕಸ್ ಆಗುತ್ತವೆ. ಇದಕ್ಕೆ ಸಣ್ಣದನ್ನು ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸೇ ಬೇಕು ಅಂತಿಲ್ಲ. ಹುಳುವಿನ ಕಣ್ಣಿನ ಮಟ್ಟಕ್ಕೆ ನೀವು ಇಳಿಯಬೇಕು, ಹಿಂದೆ ಬರುವ ಜಾಗ ದೂರದಲ್ಲಿ, ನೆರಳಲ್ಲಿ ಇರಬೇಕು. ಜೇಡರ ಬಲೆಗೂ ಇದೇ ಮಾತು. ಬಲೆಯ ಈಚೆ ನೀವು, ಆಚೆ ಸೂರ್ಯ. ನೀರು ಚಿಮುಕಿಸಿ ಸುಳ್ಳು ಇಬ್ಬನಿ ಮಾಡಬೇಡಿ. ಹುಳುವನ್ನು ಕಡ್ಡಿಯಿಂದ ಎತ್ತಿ ಬೇರೆಡೆ ಕೂರಿಸಬೇಡಿ. ಅದು ಓಡಲಾಗದ ಸ್ಥಿತಿಯಲ್ಲಿ ಇದೆ ಅನ್ನುವುದು ನೆನಪಿರಲಿ.

ಮಧ್ಯಾಹ್ನ? ಬಿಸಿಲು ಜೋರಾಗಿದ್ದರೆ ನಿದ್ದೆ ಮಾಡಿ, ನಿಜವಾಗಿ ಹೇಳುತ್ತಿದ್ದೇನೆ. ಬೆಳಿಗ್ಗೆ ಬೇಗ ಎದ್ದ ನಿದ್ದೆ ಆಗ ತೀರಿಸಿಕೊಳ್ಳಿ. ಮೋಡ ಮುಚ್ಚಿದ್ದರೆ ಮಾತ್ರ ಕಾಡಿನ ಒಳಗೆ ಹೋಗಿ. ಮೋಡದ ಬೆಳಕು ಮೆತ್ತಗೆ ಎಲ್ಲ ಕಡೆ ಹರಡುತ್ತದೆ. ಹೂವು, ಪಾಚಿ, ಅಣಬೆ, ಮರದ ತೊಗಟೆಗೆ ಅದಕ್ಕಿಂತ ಒಳ್ಳೆಯ ಬೆಳಕಿಲ್ಲ. ಆಗ ಆಕಾಶವನ್ನು ಚೌಕಟ್ಟಿನಿಂದ ಹೊರಗಿಡಿ. ತೊರೆ ಇದ್ದರೆ ಶಟರ್ (ಕ್ಯಾಮೆರಾ ಬೆಳಕಿಗೆ ತೆರೆದಿರುವ ಹೊತ್ತು) ಅರ್ಧ ಸೆಕೆಂಡಿಗೆ ಇಟ್ಟು ನೋಡಿ, ನೀರು ಎಳೆ ಎಳೆಯಾಗಿ ಬರುತ್ತದೆ. ಇನ್ನೂ ಜಾಸ್ತಿ ಹೊತ್ತು ಇಟ್ಟರೆ ನೀರಿನ ರೂಪವೇ ಹೋಗಿ ಹತ್ತಿಯ ಹಾಗಾಗುತ್ತದೆ, ನನಗೆ ಅದು ಇಷ್ಟವಿಲ್ಲ. ಏನಾದರೂ ಕೊಳ್ಳಲೇಬೇಕು ಅಂತ ಮನಸ್ಸಿದ್ದರೆ ಒಂದು ಪೋಲರೈಸರ್ ಫಿಲ್ಟರ್ ತಗೊಳ್ಳಿ. ಒದ್ದೆ ಕಲ್ಲು, ಒದ್ದೆ ಎಲೆಯ ಮೇಲಿನ ಬಿಳಿ ಹೊಳಪನ್ನು ಅದು ತೆಗೆದುಹಾಕುತ್ತದೆ. ಕೆಳಗಿನ ಹಸಿರು ಆಗ ಹೊರಬರುತ್ತದೆ. ಈ ಕೆಲಸವನ್ನು ಆಮೇಲೆ ಕಂಪ್ಯೂಟರಿನಲ್ಲಿ ಸರಿಯಾಗಿ ಮಾಡಲು ಆಗುವುದಿಲ್ಲ.

ಸಂಜೆಗೆ ಎಲ್ಲರಿಗೂ ಬೇಕಾಗುವ ಫೋಟೋ ಒಂದಿದೆ. ಕತ್ತಲಲ್ಲಿ ಒಳಗಿನಿಂದ ಬೆಳಗುವ ಟೆಂಟ್. ಇದರಲ್ಲಿ ಜಾಸ್ತಿ ಜನ ಮಾಡುವ ತಪ್ಪು ಎಂದರೆ ಪೂರ್ತಿ ಕತ್ತಲಾಗುವವರೆಗೆ ಕಾಯುವುದು. ಆಗ ಟೆಂಟ್ ಬಲ್ಬಿನ ಹಾಗೆ ಉರಿಯುತ್ತದೆ, ಸುತ್ತ ಏನೂ ಇರುವುದಿಲ್ಲ. ಸೂರ್ಯ ಮುಳುಗಿ ಇಪ್ಪತ್ತು ನಿಮಿಷದ ಹೊತ್ತಿಗೆ ಆಕಾಶದ ಬೆಳಕೂ ಟೆಂಟಿನ ಬೆಳಕೂ ಒಂದೇ ತೂಕಕ್ಕೆ ಬರುವ ಒಂದು ಗಳಿಗೆ ಇದೆ, ಅದನ್ನು ಹಿಡಿಯಿರಿ. ಒಳಗಿನ ದೀಪವನ್ನು ಆದಷ್ಟು ಸಣ್ಣದು ಮಾಡಿ, ಬ್ಯಾಟರಿ ದೀಪವಾದರೆ ಮೇಲೆ ತೆಳು ಬಿಳಿ ಬಟ್ಟೆ ಹಾಕಿ. ಬೆಂಕಿ ಉರಿಯುವ ದೀಪ ಟೆಂಟಿನೊಳಗೆ ಯಾವ ಕಾರಣಕ್ಕೂ ಬೇಡ. ಟೆಂಟ್ ಬಟ್ಟೆ ಹೊತ್ತಿಕೊಳ್ಳಲು ಕ್ಷಣ ಸಾಕು, ಹೊಗೆಯೂ ಅಪಾಯ. ಹೊರಗೆ ಬೆಂಕಿಯ ಸುತ್ತ ಕೂತವರ ಮುಖ ತೆಗೆಯುವಾಗ ಫ್ಲ್ಯಾಶ್ ಹಾಕಬೇಡಿ, ಬೆಂಕಿಯ ಬಣ್ಣವೇ ಹೋಗಿಬಿಡುತ್ತದೆ. ಬಣ್ಣದ ಹದ ನೋಡಿಕೊಳ್ಳುವ ವೈಟ್ ಬ್ಯಾಲೆನ್ಸ್ ಆಟೋದಲ್ಲಿದ್ದರೆ ಡೇಲೈಟ್‌ಗೆ ಬದಲಿಸಿ. ಐಎಸ್‌ಒ 3200, ಶಟರ್ 1/30ರ ಸುತ್ತ. ಯಾರಾದರೂ ಕತೆ ಹೇಳುವಾಗ ಉಳಿದವರು ಅಲುಗದೆ ಕೇಳುತ್ತಾ ಕೂತಿರುತ್ತಾರಲ್ಲ, ಆಗ ತೆಗೆಯಿರಿ.

ಈಗ ರಾತ್ರಿ. ಹೋಗುವ ಮುಂಚೆ ಚಂದ್ರನ ತಿಥಿ ನೋಡಿಕೊಳ್ಳಿ, ಅದರ ಮೇಲೆ ಎಲ್ಲ ನಿಂತಿದೆ. ಅಮಾವಾಸ್ಯೆಯ ಹಿಂದೆ ಮುಂದೆ ಹೋದರೆ ನಕ್ಷತ್ರ. ಹುಣ್ಣಿಮೆಯ ಸುತ್ತ ಹೋದರೆ ಆಕಾಶಗಂಗೆ ಕಾಣಲಿಲ್ಲ ಅಂತ ಬೇಸರ ಮಾಡಿಕೊಳ್ಳಬೇಡಿ, ಬೆಳದಿಂಗಳಲ್ಲಿ ಕೆರೆಯ ಫೋಟೋ ತೆಗೆಯಿರಿ.

ನಕ್ಷತ್ರಕ್ಕೆ ಒಂದು ಸುಲಭದ ಲೆಕ್ಕ ಇದೆ. 500ನ್ನು ಲೆನ್ಸಿನ ಎಂಎಂನಿಂದ ಭಾಗಿಸಿ, ಅಷ್ಟು ಸೆಕೆಂಡಿನೊಳಗೆ ತೆಗೆದರೆ ನಕ್ಷತ್ರ ಗೀರಾಗದೆ ಚುಕ್ಕಿಯಾಗಿ ಬರುತ್ತದೆ. ಈ ಲೆಕ್ಕ ದೊಡ್ಡ ಸೆನ್ಸರ್ (ಬೆಳಕು ಹಿಡಿಯುವ ಭಾಗ) ಇರುವ ಕ್ಯಾಮೆರಾದ್ದು. ನಿಮ್ಮದು ಸಣ್ಣ ಸೆನ್ಸರ್ ಇರುವ ಕ್ಯಾಮೆರಾ ಅಂದುಕೊಂಡರೆ ಎಂಎಂ ಅನ್ನು ಸುಮಾರು ಒಂದೂವರೆಯಿಂದ ಗುಣಿಸಬೇಕು, 18 ಎಂಎಂ ಅಂದರೆ 27ಕ್ಕೆ ಸಮ. 500 ಭಾಗಿಸು 27, ಸುಮಾರು 18 ಸೆಕೆಂಡ್. ನಾನು 15ಕ್ಕೇ ನಿಲ್ಲಿಸುತ್ತೇನೆ, ದೊಡ್ಡದು ಮಾಡಿ ನೋಡಿದಾಗ ಅದು ವಾಸಿ. ಎಫ್ 3.5, ಐಎಸ್‌ಒ 3200ರಿಂದ ಶುರುಮಾಡಿ. ಫೋಕಸ್ ಮ್ಯಾನುವಲ್‌ಗೆ ಹಾಕಿ, ಸ್ಕ್ರೀನಿನಲ್ಲಿ ಹೊಳೆಯುವ ಒಂದು ನಕ್ಷತ್ರವನ್ನು ಪೂರ್ತಿ ಹಿಗ್ಗಿಸಿ, ಅದು ಆದಷ್ಟು ಸಣ್ಣ ಚುಕ್ಕಿಯಾಗುವವರೆಗೆ ರಿಂಗ್ ತಿರುಗಿಸಿ. ಆಮೇಲೆ ಆ ರಿಂಗ್ ಮುಟ್ಟಬೇಡಿ, ಬೇಕಿದ್ದರೆ ಟೇಪ್ ಅಂಟಿಸಿ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಒಂದು ಸಲ ಬಿಳಿ ಟಾರ್ಚ್ ಹಾಕಿದರೆ ಮತ್ತೆ ಮೊದಲಿನಿಂದ ಕಾಯಬೇಕು. ಕೆಂಪು ದೀಪವಿರುವ ಹೆಡ್‌ಲ್ಯಾಂಪ್ ಒಳ್ಳೆಯದು.

ಇಬ್ಬನಿಯ ಬಗ್ಗೆ ನನಗೆ ಯಾರೂ ಹೇಳಿರಲಿಲ್ಲ, ಅದಕ್ಕೇ ನಿಮಗೆ ಹೇಳುತ್ತೇನೆ. ಒಮ್ಮೆ ನಕ್ಷತ್ರಗಳ ಸುತ್ತುಗೆರೆ ತೆಗೆಯಬೇಕು ಅಂತ 30 ಸೆಕೆಂಡಿನ 240 ಫೋಟೋ, ಅಂದರೆ ಎರಡು ಗಂಟೆ, ಕ್ಯಾಮೆರಾ ಬಿಟ್ಟು ಟೆಂಟಿನೊಳಗೆ ಹೋದೆ. ಬಂದು ನೋಡಿದರೆ ಮೊದಲ ಐವತ್ತು ಚೆನ್ನಾಗಿವೆ. ಆಮೇಲೆ ನಕ್ಷತ್ರಗಳು ಉಬ್ಬುತ್ತಾ, ಮಸುಕಾಗುತ್ತಾ, ಕೊನೆಗೆ ಬರೀ ಬೂದು. ಲೆನ್ಸಿನ ಗಾಜಿನ ಮೇಲೆ ಇಬ್ಬನಿ ಕಟ್ಟಿತ್ತು. ತೆರೆದ ಆಕಾಶಕ್ಕೆ ಮುಖ ಮಾಡಿದ ಗಾಜು ತನ್ನ ಬಿಸಿ ಕಳೆದುಕೊಂಡು ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ, ಹುಲ್ಲಿನ ಮೇಲೆ ಕೂತ ಹಾಗೇ ಅದರ ಮೇಲೂ ಹನಿ ಕೂರುತ್ತದೆ. ಅದನ್ನು ಒರೆಸಿದರೆ ಐದು ನಿಮಿಷಕ್ಕೆ ಮತ್ತೆ ಕಟ್ಟುತ್ತದೆ. ಈಗ ಕೈ ಬಿಸಿ ಮಾಡಿಕೊಳ್ಳುವ ಸಣ್ಣ ಪೊಟ್ಟಣವನ್ನು ಲೆನ್ಸಿಗೆ ಒತ್ತಿಟ್ಟು, ಮೇಲೆ ಹಳೆಯ ಕಾಲುಚೀಲದ ತುಂಡು ಏರಿಸಿ ಬಿಡುತ್ತೇನೆ. ಇಷ್ಟೇ ಸಾಕಾಗುತ್ತದೆ. ತಣ್ಣಗಾದ ಕ್ಯಾಮೆರಾವನ್ನು ಬೆಚ್ಚಗಿನ ಟೆಂಟಿಗೆ ತರುವಾಗಲೂ ಹೀಗೇ ನೀರಾಡುತ್ತದೆ. ಹೊರಗೇ ಪ್ಲಾಸ್ಟಿಕ್ ಕವರಿಗೆ ಹಾಕಿ, ಬಾಯಿ ಬಿಗಿಯಾಗಿ ಕಟ್ಟಿ ಒಳಗೆ ತನ್ನಿ. ಹನಿ ಕವರಿನ ಹೊರಗೆ ಕೂರುತ್ತದೆ. ಬ್ಯಾಟರಿಗಳು ಚಳಿಗೆ ಬೇಗ ಸೋಲುತ್ತವೆ, ರಾತ್ರಿ ಅವನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ನಿಮ್ಮ ಜೊತೆ ಮಲಗಿಸಿ.

ಚಂದ್ರನ ಫೋಟೋಗೆ ಒಂದು ಗುಟ್ಟು. ಹುಣ್ಣಿಮೆಯ ದಿನ ಬೇಡ, ಹಿಂದಿನ ದಿನ ತೆಗೆಯಿರಿ. ಚಂದ್ರ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಹುಟ್ಟುತ್ತಾನೆ. ಹುಣ್ಣಿಮೆಯಂದು ಸೂರ್ಯ ಮುಳುಗುವ ಹೊತ್ತಿಗೆ ಚಂದ್ರ ಬರುವುದರಿಂದ ಅವನು ಮೇಲೇರುವಷ್ಟರಲ್ಲಿ ನೆಲ ಕಪ್ಪಾಗಿರುತ್ತದೆ. ಹಿಂದಿನ ದಿನ ಮುಂಚೆಯೇ ಬಂದಿರುತ್ತಾನೆ. ಗುಡ್ಡದ ಮೇಲೆ ಕೊನೆಯ ಬಿಸಿಲು ಇರುವಾಗಲೇ ಚಂದ್ರನೂ ಇರುತ್ತಾನೆ, ಎರಡೂ ಒಂದೇ ಫೋಟೋದಲ್ಲಿ ಕೂರುತ್ತವೆ. ಅಮೆರಿಕದ ಹೆಸರಾಂತ ನಿಸರ್ಗ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ 1941ರಲ್ಲಿ ಅಲ್ಲಿನ ನ್ಯೂ ಮೆಕ್ಸಿಕೊ ರಾಜ್ಯದ ಹೆರ್ನಾಂಡೆಜ್ ಎಂಬ ಸಣ್ಣ ಹಳ್ಳಿಯ ಮೇಲೆ ಚಂದ್ರ ಮೂಡಿದ್ದನ್ನು ತೆಗೆದ ಫೋಟೋ ನೀವು ನೋಡಿರಬಹುದು. ಅವರು ಕಾರಿನಲ್ಲಿ ಹೋಗುತ್ತಿದ್ದಾಗ ಆ ನೋಟ ಕಂಡಿತು. ಗಡಿಬಿಡಿಯಲ್ಲಿ ಲೈಟ್ ಮೀಟರ್ ಸಿಗಲಿಲ್ಲ. ಚಂದ್ರನ ಹೊಳಪು ಎಷ್ಟಿರುತ್ತದೆ ಅನ್ನುವುದು ಅವರ ತಲೆಯಲ್ಲಿತ್ತು, ಅದರಿಂದಲೇ ಎಕ್ಸ್‌ಪೋಷರ್, ಅಂದರೆ ಎಷ್ಟು ಬೆಳಕು ಒಳಗೆ ಬಿಡಬೇಕು ಅನ್ನುವುದನ್ನು ಲೆಕ್ಕ ಹಾಕಿದರು. ಒಂದು ಫೋಟೋ ತೆಗೆದು ಎರಡನೆಯದಕ್ಕೆ ಅಣಿಯಾಗುವಷ್ಟರಲ್ಲಿ ಸ್ಮಶಾನದ ಬಿಳಿ ಶಿಲುಬೆಗಳ ಮೇಲಿದ್ದ ಬಿಸಿಲು ಹೋಗಿಬಿಟ್ಟಿತ್ತು. ಆ ಲೆಕ್ಕ ನಿಮಗೂ ಬೇಕಾದರೆ ಸುಲಭದ ರೂಪ ಇದು. ಹುಣ್ಣಿಮೆ ಚಂದ್ರನಿಗೆ ಎಫ್ 11, ಐಎಸ್‌ಒ 100 ಇದ್ದರೆ ಶಟರ್ 1/100. ಚಂದ್ರನ ಮೇಲೆ ಬಿದ್ದಿರುವುದೂ ಬಿಸಿಲೇ ಅಲ್ವಾ? ಅದಕ್ಕೇ ಅಷ್ಟು ಕಡಿಮೆ ಹೊತ್ತು ಸಾಕು.

ಪ್ರಾಣಿ ಪಕ್ಷಿಗೆ ನಿಮ್ಮ ಲೆನ್ಸ್ ಸಾಲದು, ಇದು ನಿಜ. ಆದರೆ ಎರಡೇ ರಾತ್ರಿಗೆ ಅದರ ಹಿಂದೆ ಬೀಳಬೇಡಿ. ದಂಡೆಯಲ್ಲಿ ನಿಂತ ಕೊಕ್ಕರೆಯನ್ನು ಸುತ್ತಲಿನ ನೀರು, ಜೊಂಡು, ಮಂಜಿನ ಜೊತೆಗೇ ಸಣ್ಣದಾಗಿ ತೆಗೆಯಿರಿ, ಅದು ಇರುವ ಜಾಗ ಯಾವುದು ಅಂತ ಗೊತ್ತಾಗುತ್ತದೆ. ಹತ್ತಿರ ಹೋಗಲು ಹೊರಟು ಅದನ್ನು ಹಾರಿಸಬೇಡಿ. ಗೂಡು ಕಂಡರೆ ಅಲ್ಲಿಂದ ಸದ್ದಿಲ್ಲದೆ ಹಿಂದೆ ಬನ್ನಿ. ನೀವು ಹತ್ತಿರ ಇರುವಷ್ಟು ಹೊತ್ತು ತಾಯಿ ಗೂಡಿಗೆ ಬರುವುದಿಲ್ಲ, ಮೊಟ್ಟೆ ತಣ್ಣಗಾಗುತ್ತವೆ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದು, ರಾತ್ರಿ ಪ್ರಾಣಿಯ ಕಣ್ಣಿಗೆ ಫ್ಲ್ಯಾಶ್ ಬಿಡುವುದು, ಚೌಕಟ್ಟಿಗೆ ಅಡ್ಡ ಬಂತು ಅಂತ ಕೊಂಬೆ ಮುರಿಯುವುದು, ಇವೆಲ್ಲ ದಯವಿಟ್ಟು ಬೇಡ. ಕೊಂಬೆ ಅಡ್ಡ ಬಂದರೆ ನೀವೇ ಎರಡು ಹೆಜ್ಜೆ ಸರಿಯಿರಿ. ಆದರೆ ಆ ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಬಾಟಲಿ ಇದೆಯಲ್ಲ, ಅದನ್ನು ಮಾತ್ರ ಎತ್ತಿ ಚೀಲಕ್ಕೆ ಹಾಕಿಕೊಳ್ಳಿ.

ಎರಡನೇ ಬೆಳಿಗ್ಗೆ ಟೆಂಟ್ ಬಿಚ್ಚುವ ಗಡಿಬಿಡಿ ಇರುತ್ತದೆ, ಆದರೂ ನೀವು ಆರಿಸಿದ ಆ ಒಂದು ಜಾಗಕ್ಕೆ ಕೊನೆಯ ಸಲ ಹೋಗಿ. ಹೊರಡುವ ಮುಂಚೆ ಕಾರ್ಡಿನಿಂದ ಏನನ್ನೂ ಅಳಿಸಬೇಡಿ. ಜಾಗದಲ್ಲೇ ನಿಂತು ಬೇಡ ಅನ್ನಿಸಿದ ಎಷ್ಟೋ ಫೋಟೋ ನನಗೆ ಒಂದು ವಾರ ಬಿಟ್ಟು ನೋಡಿದಾಗ ಇಷ್ಟವಾಗಿವೆ.